ಕೆರೆಗೆ ಇನ್ನೆರಡು ಮಾರು

ನಿವೃತ್ತಿಯಾದ ಮೇಲೆ ಜನ ಏನೇನೋ ಮಾಡುತ್ತಾರೆ. ಕೆಲವರು ಗುಲಾಬಿ ಗಿಡ ಬೆಳೆಸುತ್ತಾರೆ, ಕೆಲವರು ಭಜನಾ ಮಂಡಳಿ ಸೇರುತ್ತಾರೆ, ಇನ್ನು ಕೆಲವರು ಬೆಳಗಾಗೆದ್ದು ಪತ್ರಿಕೆಗೆ ದೂರು ಬರೆಯುತ್ತಾರೆ. ಯಾವುದರಿಂದಲೂ ಯಾರಿಗೂ ತೊಂದರೆಯಿಲ್ಲ. ನಮ್ಮ ಅಕ್ಕ ಮಂದಾಕಿನಿ ಮೂವತ್ತೆಂಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟು, ಹಾರ ಹಾಕಿಸಿಕೊಂಡು ಮನೆಗೆ ಬಂದ ಮರುದಿನವೇ ಒಂದು ಗುದ್ದಲಿ, ಒಂದು ಕಬ್ಬಿಣದ ಸಲಾಕೆ, ಒಂದು ಗಾರೆ ಕರಣೆ ಕೊಂಡು ತಂದಳು. ಊರವರ ಹಿತ್ತಲು ಅಗೆದು ಹಳೆಯ ಸೀಸೆ ತೆಗೆಯುತ್ತಾಳಂತೆ. ಶಾಲೆಯ ಕೈತೋಟದಲ್ಲಿ ಯಾವಾಗಲೋ ಒಂದು ನೀಲಿ ಬಣ್ಣದ ಹರಳೆಣ್ಣೆ ಸೀಸೆ ಸಿಕ್ಕಿತ್ತಂತೆ, ಅವತ್ತಿನಿಂದ ಅದೇ ಧ್ಯಾನವಂತೆ. ಬೇರೆ ಊರಿನಲ್ಲಾದರೆ ಇದನ್ನು ಹವ್ಯಾಸ ಎಂದು ಸುಮ್ಮನಾಗಬಹುದಿತ್ತು. ನಮ್ಮ ಊರಿನಲ್ಲಿ ಹಾಗೆ ಸುಮ್ಮನಾಗುವಂತಿಲ್ಲ.

ಯಾಕೆಂದರೆ ನಮ್ಮ ಊರಿನಲ್ಲಿ ಹೂತದ್ದು ಹೂತಲ್ಲಿ ಇರುವುದಿಲ್ಲ. ವರ್ಷಕ್ಕೆ ಒಂದು ಮಾರು, ಪೂರ್ವಕ್ಕೆ ಸರಿಯುತ್ತದೆ. ಬೇರಿರುವ ಮರ ಕದಲುವುದಿಲ್ಲ, ಪಾಯವಿರುವ ಗೋಡೆ ಕದಲುವುದಿಲ್ಲ. ಮಣ್ಣಿನೊಳಗೆ ಬಿಡಿಯಾಗಿ ಇಟ್ಟದ್ದು ಮಾತ್ರ ಯಾರನ್ನೂ ಕೇಳದೆ ಹೊರಟುಬಿಡುತ್ತದೆ. ಆದ್ದರಿಂದ ನಮ್ಮಲ್ಲಿ ನಲ್ಲಿಯ ಕೊಳವೆ ಗೋಡೆಯ ಮೇಲೆ ಹೋಗುತ್ತದೆ. ನಾವು ಸಾಕಿದ್ದ ನಾಯಿಯನ್ನು ಹಿತ್ತಲಿನಲ್ಲಿ ಮಣ್ಣು ಮಾಡಿದ್ದೆವು, ಅದೀಗ ಅಂಚೆ ಕಚೇರಿಯ ಕೆಳಗಿದೆ. ಕೊನೆಗೆ ಎಲ್ಲವೂ ಊರಿನ ಪೂರ್ವದ ಕೆರೆಗೆ ಹೋಗಿ ಬೀಳುತ್ತದೆ. ಕೆರೆ ಸೇರಿದ್ದು ಯಾರದೂ ಅಲ್ಲ. ಕೆರೆ ಸೇರುವ ಮೊದಲು ಯಾರ ಕೈಗಾದರೂ ಸಿಕ್ಕಿದರೆ ಮಾತ್ರ, ಅದು ಎಲ್ಲಿಂದ ಹೊರಟಿತ್ತೋ ಆ ಮನೆಗೆ ಒಯ್ದು, ಹೊಸ್ತಿಲಲ್ಲಿ ನಿಂತು, "ನಿಮ್ಮದು, ತಗೊಳ್ಳಿ" ಎಂದು ಕೊಡಬೇಕು. ಆ ಮನೆಯವರು ಒಳಗೆ ತೆಗೆದುಕೊಳ್ಳಬೇಕು. ಅಳೆಯುವುದಕ್ಕೆ ಹಗ್ಗದ ಬೋರಯ್ಯ ಇದ್ದಾನೆ. ಮಾರಿಗೊಂದು ಗಂಟು ಹಾಕಿದ ಅವನ ಹಗ್ಗದ ಎದುರು ಯಾರೂ ವಾದ ಮಾಡುವುದಿಲ್ಲ.

ಈಗ ಯೋಚಿಸಿ, ಇಂಥ ಊರಿನಲ್ಲಿ ಒಬ್ಬ ನಿವೃತ್ತ ಮೇಡಂ ಸಲಾಕೆ ಹಿಡಿದು ಹೊರಟರೆ ಏನಾಗಬೇಕು. ಸಲಾಕೆಯನ್ನು ನೆಲಕ್ಕೆ ಚುಚ್ಚುವುದು, ಟಿಕ್ ಎಂದರೆ ಗಾಜು, ಟಕ್ ಎಂದರೆ ಕಲ್ಲು. ಟಿಕ್ ಎಂದಲ್ಲಿ ಕೂತು ಕರಣೆಯಿಂದ ಮಣ್ಣು ಕೆರೆಯುವುದು. ಸೀಸೆಯ ಒಳಗೆ ಮರಳು, ನೀರು ಹಾಕಿ ಕುಲುಕುವುದು, ಹೊರಗೆ ಹುಣಸೆಹಣ್ಣು ಹಚ್ಚಿ ಉಜ್ಜುವುದು. ಗಾಜಿನೊಳಗಿನ ಗುಳ್ಳೆಗಳನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಬಾಯಲ್ಲಿ ಊದಿ ಮಾಡಿದಾರೆ ಕಣೋ ಪರಮೇಶಿ, ಯಾರದೋ ಉಸಿರು ಇದು" ಎಂದು ನನಗೆ ತೋರಿಸುವುದು. ನಮ್ಮ ಬಚ್ಚಲುಮನೆಯಲ್ಲಿ ಸ್ನಾನಕ್ಕೆ ಜಾಗವಿಲ್ಲದೆ ನನ್ನ ಹೆಂಡತಿ ಬಿಂದಿಗೆ ಹಿಡಿದು ಹೊರಗೆ ನಿಂತಿರುತ್ತಿದ್ದಳು. ಅಷ್ಟಾದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಅಕ್ಕನಿಗೆ ಊರಿನ ಪದ್ಧತಿ ಎಂದರೆ ಪದ್ಧತಿ. ಪಾನನಿರೋಧದ ಬಗ್ಗೆ ಭಾಷಣ ಮಾಡಿಯೇ ಹೆಸರಾಗಿದ್ದ ದಿವಂಗತರೊಬ್ಬರ ಮನೆಗೆ ಹದಿನೇಳು ಬ್ರಾಂದಿ ಸೀಸೆ ಒಯ್ದು ಕೊಟ್ಟಳು. ಐವತ್ತು ದಾಟಿದರೂ ಒಂದು ಬಿಳಿ ಕೂದಲಿಲ್ಲ ಎಂದು ಮೀಸೆ ತಿರುವುವ ನಮ್ಮ ಸೊಸೈಟಿಯ ಸೆಕ್ರೆಟರಿಗೆ, ಎಲ್ಲರ ಎದುರಿನಲ್ಲಿ, ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ನಾಲ್ಕು ಸೀಸೆ ಕೊಟ್ಟಳು. ನಾನು ಅದೇ ಸೊಸೈಟಿಯಲ್ಲಿ ಗುಮಾಸ್ತ. ಮರುದಿನ ನನ್ನ ಮೇಜನ್ನು ಕಕ್ಕಸಿನ ಪಕ್ಕಕ್ಕೆ ಹಾಕಿಸಿದರು.

ಬೈಸಿಕೊಳ್ಳುವುದು ನನಗೆ ಹೊಸದಲ್ಲ. ನಾನು ಹೆದರಿದ್ದು ಬೇರೆ ಕಾರಣಕ್ಕೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಮುಚ್ಚಿಟ್ಟು ನನಗೂ ಸಾಕಾಗಿದೆ.

ಅಕ್ಕನಿಗೆ ಇಪ್ಪತ್ತೆರಡು, ನನಗೆ ಇಪ್ಪತ್ತು. ನಿಶ್ಚಯವಾಗಿದ್ದ ಅವಳ ಮದುವೆ ಮುರಿದುಬಿತ್ತು. ಗಂಡಿನ ಕಡೆಯವರು ಕಾರಣವನ್ನೂ ಹೇಳಲಿಲ್ಲ. ಅಕ್ಕ ಎರಡು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಆಮೇಲೆ ಒಂದು ದಿನ ಎದ್ದು, ಸೊಗದೆ ಬೇರು ತರಿಸಿ, ಕುಟ್ಟಿ ನೆನೆಸಿ ಶರಬತ್ತು ಮಾಡಿದಳು. ಬಿರಡೆ ಹಾಕಿ, ಅರಗು ಕರಗಿಸಿ ಮುಚ್ಚಿ, ಅರಗು ಆರುವ ಮೊದಲು ತನ್ನ ರವಿಕೆಯ ಗುಂಡಿಯೊಂದನ್ನು ಒತ್ತಿದಳು. ಐದು ಎಸಳಿನ ಹೂವಿನ ಅಚ್ಚು ಬಿತ್ತು. "ಮಾರ್ಕೊಂಡು ಬಾರೋ" ಎಂದು ಮೊದಲ ಹನ್ನೆರಡು ಸೀಸೆ ನನ್ನ ಸೈಕಲ್ಲಿಗೆ ಕಟ್ಟಿದಳು. ಎರಡು ತಿಂಗಳ ಮೇಲೆ ಅವತ್ತು ಅವಳು ತಲೆ ಬಾಚಿಕೊಂಡಿದ್ದಳು.

ನಾನು ಒಂದೇ ಒಂದು ಅಂಗಡಿಗೆ ಹೋದೆ, ಸಾಹುಕಾರ್ ಉಗ್ರಪ್ಪನ ಅಂಗಡಿಗೆ. ಅಕ್ಕ ರುಚಿಗೆಂದು ಬೇರೆ ಕೊಟ್ಟಿದ್ದ ಸಣ್ಣ ಸೀಸೆಯಿಂದ ಅವನು ಒಂದು ಗುಟುಕು ಕುಡಿದು ವಾಪಸು ಕೊಟ್ಟ. ಅಲ್ಲಿ ನಿಂತಿದ್ದ ನಾಲ್ಕು ಜನ ನಕ್ಕರು. ಇನ್ನೊಂದು ಅಂಗಡಿ ಹತ್ತಲು ನನ್ನ ಕಾಲು ಬರಲಿಲ್ಲ. ಹಾಗೆಂದು ಮನೆಗೆ ಹೋಗಿ ಆ ತಲೆ ಬಾಚಿಕೊಂಡ ಮುಖಕ್ಕೆ ಏನೆಂದು ಹೇಳಲಿ? "ಎಲ್ಲಾ ಖರ್ಚಾಯ್ತು ಅಕ್ಕಾ" ಎಂದುಬಿಟ್ಟೆ. ಆಗ ನಾನು ಬಸ್ ಏಜೆನ್ಸಿಯಲ್ಲಿ ಚೀಟಿ ಬರೆಯುತ್ತಿದ್ದೆ. ಆ ಸಂಬಳದಲ್ಲೇ ಅವಳ ಕೈಗೆ ದುಡ್ಡು ಹಾಕಿದೆ. ಅವಳು ಮರುವಾರ ಇನ್ನಷ್ಟು ಮಾಡಿದಳು. ಒಂದು ಬೇಸಿಗೆಯಲ್ಲಿ ಅರವತ್ತು ಸೀಸೆ.

ಆ ಅರವತ್ತನ್ನೂ ನಾನು ನಮ್ಮ ಬೀದಿಯ ಚೂಡಮ್ಮನವರ ಹಿತ್ತಲಿನ ಮೂಲೆಯಲ್ಲಿ ಹೂತೆ. ಚೂಡಮ್ಮ ಆ ಬೇಸಿಗೆ ತವರಿನಲ್ಲಿದ್ದರು. ಅವರ ಯಜಮಾನರು, ಓವರ್‌ಸಿಯರ್ ಸದಾನಂದಯ್ಯನವರು, ಕಾಲುವೆ ಕೆಲಸದ ಮೇಲೆ ಹೊರಗಿದ್ದು ಹದಿನೈದು ದಿನಕ್ಕೊಮ್ಮೆ ಬಂದು ಗಿಡಗಳಿಗೆ ನೀರು ಹಾಕಿ ಹೋಗುತ್ತಿದ್ದರು. ಮಿಕ್ಕ ದಿನ ಮನೆಗೆ ಬೀಗ. ಮಧ್ಯಾಹ್ನ ಊರೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ ನಾನು ಗೋಡೆ ಹಾರಿ ಗುಂಡಿ ತೋಡುತ್ತಿದ್ದೆ. ಅಲ್ಲಿಂದ ಕೆರೆಗೆ ಸರಿಯಾಗಿ ನಲವತ್ತು ಮಾರು. ನಲವತ್ತು ವರ್ಷ ಯಾರೂ ಅಗೆಯದಿದ್ದರೆ ನನ್ನ ಸುಳ್ಳು ನೀರು ಸೇರುತ್ತದೆ ಎಂದು ಲೆಕ್ಕ ಹಾಕಿದ್ದೆ. ಅಕ್ಕ "ಯಾರು ತಗೊಂಡ್ರೋ?" ಎಂದು ಕೇಳಿದಾಗೆಲ್ಲ ಬಾಯಿಗೆ ಬಂದದ್ದು, "ಸದಾನಂದಯ್ಯನೋರೇ ಅಕ್ಕಾ, ಆಫೀಸಿಗೆ, ಊರಿಗೆಲ್ಲ ಹಂಚ್ತಾರಂತೆ." ಅವಳು ಬಸ್ ನಿಲ್ದಾಣದ ಹತ್ತಿರ ಮಳಿಗೆ ಹಿಡಿದು ಶರಬತ್ತಿನ ಅಂಗಡಿ ಇಡುತ್ತೇನೆ ಎಂದು ಕುಣಿಯತೊಡಗಿದಾಗ ನನ್ನ ಜೀವ ಹಾರಿಹೋಯಿತು. ಪುಣ್ಯಕ್ಕೆ ಅದೇ ಜೂನಿನಲ್ಲಿ ಶಾಲೆಯ ಕೆಲಸದ ಆರ್ಡರು ಬಂತು. ಕೈಕಾಲು ಹಿಡಿದು ಅವಳನ್ನು ಶಾಲೆಗೆ ಹತ್ತಿಸಿದೆ. ಅಂಗಡಿ ಬಿಟ್ಟದ್ದಕ್ಕೆ ಒಂದು ವಾರ ಅತ್ತಳು.

ಆಮೇಲೆ ಅವಳಿಗೆ ಹೆಮ್ಮೆ ಎಂದು ಉಳಿದದ್ದು ಅದೊಂದೇ. ಮದುವೆಯಾಗಲಿಲ್ಲ. ಇನ್‌ಸ್ಪೆಕ್ಟರ್ ಬೈದು ಹೋದ ದಿನ, ಮೈ ಹುಷಾರಿಲ್ಲದ ದಿನ, "ನನ್ನ ಶರಬತ್ತು ಒಂದು ಬೇಸಿಗೆ ಈ ಊರೆಲ್ಲ ಕುಡಿದಿತ್ತು ಕಣೋ" ಎನ್ನುತ್ತಿದ್ದಳು, ಸರಿಹೋಗುತ್ತಿದ್ದಳು. ಚೂಡಮ್ಮನವರ ಮೇಲೆ ಅವಳಿಗಿದ್ದ ಪ್ರೀತಿಗೂ ಅದೇ ಬೇರು. ಹಾಗೆಂದು ಶರಬತ್ತು ಹೇಗಿತ್ತು ಎಂದು ಅವರನ್ನು ಒಂದು ದಿನವೂ ಕೇಳಲಿಲ್ಲ. ಮಾರಿದ ಮೇಲೆ ಕೇಳುವುದು ಹೊಗಳಿಕೆಗೆ ಕೈಯೊಡ್ಡಿದ ಹಾಗೆ ಎಂದು ಅವಳ ಅಭಿಮತ. ಅವಳ ಆ ಸ್ವಾಭಿಮಾನ ನನ್ನನ್ನು ಮೂವತ್ತೆಂಟು ವರ್ಷ ಕಾಪಾಡಿತ್ತು. ಇನ್ನೆರಡು ವರ್ಷ, ಇನ್ನೆರಡು ಮಾರು. ಅಷ್ಟರಲ್ಲಿ ಈ ಹಾಳು ಹವ್ಯಾಸ.

ತಡೆಯಲು ನಾನೇನು ಕಡಿಮೆ ಪ್ರಯತ್ನ ಮಾಡಿದೆನೆ? ಹಾವಿದೆ ಎಂದೆ. ಸೊಂಟ ಹಿಡಿಯುತ್ತದೆ ಎಂದೆ. ಸಲಾಕೆಯನ್ನು ಅಟ್ಟದ ಮೇಲೆ ಬಚ್ಚಿಟ್ಟೆ, ಅವಳು ಅದಕ್ಕಿಂತ ಉದ್ದದ್ದು ತಂದಳು. ಗುಜರಿಯವನಿಂದ ಒಂದು ಚೀಲ ಹಳೆಯ ಸೀಸೆ ತಂದು ಮುಂದೆ ಸುರಿದೆ.

"ಇದೇನಿದು?" ಎಂದಳು.

"ಸೀಸೆ. ನಿನಗೆ ಬೇಕಾದ್ದು ಇದೇ ತಾನೆ? ಕೂತ ಕಡೆ ಉಜ್ಜು."

"ಸಿಕ್ಕಿದ್ದಕ್ಕೂ ತಂದದ್ದಕ್ಕೂ ವ್ಯತ್ಯಾಸ ಗೊತ್ತಿಲ್ವೇನೋ ನಿನಗೆ? ನೆಲದಿಂದ ಅದು ತಾನಾಗಿ ಮೇಲೆ ಬರಬೇಕು."

"ಹಾಗಾದ್ರೆ ಪಶ್ಚಿಮದ ಕಡೆ ಅಗಿ. ಅಲ್ಲಿ ಮಣ್ಣು ಮೆದು."

ಅಕ್ಕ ನನ್ನನ್ನು ದಡ್ಡ ಹುಡುಗರನ್ನು ನೋಡುವ ಹಾಗೆ ನೋಡಿದಳು. "ಪಶ್ಚಿಮದಲ್ಲಿ ಏನಿರುತ್ತೋ, ನಿನ್ನೆ ಮೊನ್ನೆ ಎಸೆದದ್ದು. ಹಳೇದೆಲ್ಲ ಸರಿದು ಸರಿದು ಎಲ್ಲಿಗೆ ಹೋಗಿರುತ್ತೆ? ಕೆರೆ ದಂಡೆಗೆ. ನಾಳೆಯಿಂದ ಅಲ್ಲೇ."

ಕೆರೆ ದಂಡೆಯಲ್ಲಿ ಒಂದು ಖಾಲಿ ನಿವೇಶನವಿದೆ, ಯಾರನ್ನೂ ಕೇಳಬೇಕಾಗಿಲ್ಲ. ಅವಳು ಅಲ್ಲಿ ಕೊನೆಯ ಅಂಚಿನಿಂದ ಶುರುಮಾಡಿ ಹಿಂದಕ್ಕೆ ಬರತೊಡಗಿದಳು. ನನಗೆ ಅನ್ನ ಸೇರಲಿಲ್ಲ. ಐದನೆಯ ದಿನ ಸಾಯಂಕಾಲ ಬೋರಯ್ಯ ಸೊಸೈಟಿಗೇ ಬಂದು, "ಮೇಡಮ್ಮೋರು ಕರೀತಾವ್ರೆ, ಒಸಿ ಬೇಗ ಬನ್ನಿ" ಎಂದ.

ಅಕ್ಕ ಮಣ್ಣಿನ ಗುಡ್ಡೆಯ ಪಕ್ಕ ಕೂತಿದ್ದಳು. ಮಡಿಲಿನಲ್ಲಿ ಒಂದು ತುಂಬಿದ ಸೀಸೆ. ಅರಗು ಇದ್ದ ಹಾಗೇ ಇತ್ತು, ಅದರ ಮೇಲೆ ಐದು ಎಸಳಿನ ಹೂವು. ಗುಂಡಿಯೊಳಗೆ ಇನ್ನೂ ಎಂಟು ಹತ್ತು ಕುತ್ತಿಗೆಗಳು ಕಾಣುತ್ತಿದ್ದವು. ಅವಳು ನನ್ನನ್ನು ನೋಡಿ, "ನಂದು ಕಣೋ" ಎಂದಳು. "ಯಾರೋ ದುಡ್ಡು ಕೊಟ್ಟು ತಗೊಂಡು, ಬಿರಡೆ ಕೂಡ ಬಿಚ್ಚದೆ ಮಣ್ಣಿಗೆ ಹಾಕಿದಾರೆ." ಆ ಕ್ಷಣವೇ ಹೇಳಿಬಿಡಬೇಕಿತ್ತು, ನನಗೂ ಗೊತ್ತು. ಹೇಳಲಿಲ್ಲ.

ಬೋರಯ್ಯ ಹಗ್ಗ ಎಳೆದ. "ಯಾವ ವರ್ಸ ಮೇಡಮ್ಮೋರೆ?" ಎಂದು ಕೇಳಿದ. ಅಕ್ಕನಿಗೆ ವರ್ಷ ಬಾಯಿಪಾಠ. ಮೂವತ್ತೆಂಟು ಗಂಟು ಎಣಿಸಿಕೊಂಡು ಪಶ್ಚಿಮಕ್ಕೆ ನಡೆದ. ಮೂರು ಹಿತ್ತಲು ದಾಟಿ ನಾಲ್ಕನೆಯದರ ಮೂಲೆಯಲ್ಲಿ, ಕರಿಬೇವಿನ ಮರದ ಬುಡದಲ್ಲಿ ನಿಂತ. ಚೂಡಮ್ಮನವರ ಹಿತ್ತಲು. ಹಗ್ಗ ಒಂದು ಗೇಣೂ ತಪ್ಪಿರಲಿಲ್ಲ.

ಅಕ್ಕ ಸೀಸೆಗಳನ್ನು ಬುಟ್ಟಿಗೆ ತುಂಬಿಕೊಂಡು ಚೂಡಮ್ಮನವರ ಹೊಸ್ತಿಲಲ್ಲಿ ನಿಂತಳು. ಚೂಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ಏನ್ ಮೇಡಂ, ಇವತ್ತು ಯಾರ ಮನೆ ಮಾನ ಹೋಯ್ತು?" ಎಂದು ನಕ್ಕರು.

"ನಿಮ್ಮದು, ತಗೊಳ್ಳಿ" ಎಂದಳು ಅಕ್ಕ.

"ನಮ್ಮದಾ? ಏನಿದು?"

"ನನ್ನ ಶರಬತ್ತು. ನಿಮ್ಮನೆಯೋರು ತಗೊಂಡಿದ್ದು. ಬೇಡ ಅಂದಿದ್ರೆ ವಾಪಸ್ ಕೊಡಬಹುದಿತ್ತು ಚೂಡಮ್ಮ. ಮಣ್ಣು ಮುಚ್ಚಬಾರದಿತ್ತು."

ಚೂಡಮ್ಮನವರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಪದ್ಧತಿ ಮೀರುವ ಹಾಗಿಲ್ಲವಲ್ಲ, ಬುಟ್ಟಿ ಒಳಗೆ ತೆಗೆದುಕೊಂಡರು. ಅಕ್ಕ ತಿರುಗಿ ನೋಡದೆ ಬಂದಳು. ಮಾರನೆಯ ದಿನ ಇನ್ನೊಂದು ಬುಟ್ಟಿ, ಅದರ ಮಾರನೆಯ ದಿನ ಇನ್ನೊಂದು. ಊಟ ಮಾಡದೆ ಅಗೆಯುತ್ತಿದ್ದಳು. ಶರಬತ್ತಿನ ಮಾತು ಅವಳ ಬಾಯಿಂದ ನಿಂತೇಹೋಯಿತು. ಅಕ್ಕ, ಚೂಡಮ್ಮ ಇಬ್ಬರೂ ಸೇರಿ ಮೂವತ್ತು ವರ್ಷದಿಂದ ಒಂದೇ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದರು. ಆ ವರ್ಷದ ಹಿಟ್ಟು ನಮ್ಮ ಮನೆಯಲ್ಲಿ ಹುಳಿ ಬಂದು, ನನ್ನ ಹೆಂಡತಿ ಅದನ್ನೂ ನನ್ನ ತಲೆಗೇ ಕಟ್ಟಿದಳು. ನಾನೇನು ಮಾಡಿದೆ ಎಂದು ಕೂಗಾಡಿದೆ. ಕೂಗಾಡುವಾಗ ನನಗೇ ಅಸಹ್ಯವಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ನಾನು ಇನ್ನೂ ಬಾಯಿ ಬಿಡುತ್ತಿರಲಿಲ್ಲ, ಅಷ್ಟು ಹೇಡಿ ನಾನು. ಆದರೆ ಆ ಶನಿವಾರ ಸೊಸೈಟಿಯಿಂದ ಬರುವಾಗ ಚೂಡಮ್ಮ ನನ್ನನ್ನು ಗೇಟಿನಲ್ಲಿ ನಿಲ್ಲಿಸಿ ಒಳಗೆ ಕರೆದರು. ನಡುಮನೆಯಲ್ಲಿ ಐವತ್ತೆರಡು ಸೀಸೆ ಸಾಲಾಗಿ ನಿಂತಿದ್ದವು. ಗೋಡೆಯ ಮೇಲೆ ಸದಾನಂದಯ್ಯನವರ ಫೋಟೋ. ಅವರು ಹೋಗಿ ಹನ್ನೊಂದು ವರ್ಷವಾಯಿತು, ಒಂದು ದಿನವೂ ಆ ಫೋಟೋಕ್ಕೆ ಹೂವು ತಪ್ಪಿದ್ದಿಲ್ಲ. ಅವತ್ತು ಹೂವಿರಲಿಲ್ಲ.

"ಪರಮೇಶಿ, ನೀನು ಚಿಕ್ಕವನು, ನಿನ್ನ ಹತ್ರ ಕೇಳಬಾರದು" ಎಂದರು. "ಆದ್ರೂ ಕೇಳ್ತೀನಿ. ಆ ಬೇಸಿಗೆ ನಾನು ಊರಲ್ಲಿರ್ಲಿಲ್ಲ. ಇವರು ಇಷ್ಟೊಂದು ಸೀಸೆ ತಗೊಂಡಿದಾರೆ. ಒಂದನ್ನೂ ಕುಡಿದಿಲ್ಲ, ನನಗೂ ಹೇಳಿಲ್ಲ, ಬಚ್ಚಿಟ್ಟಿದಾರೆ. ಶರಬತ್ತು ಬೇಡದೋರು ಮತ್ತೆ ಮತ್ತೆ ಯಾಕೆ ತಗೊಂಡ್ರು? ಮಂದಾಕಿನಿಗೆ ಆಗ ಇಪ್ಪತ್ತೆರಡು. ಚೆನ್ನಾಗೂ ಇದ್ಲು."

"ಅಯ್ಯೋ ಚೂಡಮ್ಮನೋರೇ, ಅಂಥದ್ದೇನಿಲ್ಲ."

"ನಿನಗೇನು ಗೊತ್ತು? ಅದಾದ ಮೇಲೂ ನನ್ನ ಜೊತೆ ಇಪ್ಪತ್ತೇಳು ವರ್ಷ ಸಂಸಾರ ಮಾಡಿದ್ರು. ನಾನು ಈಗ ಅದನ್ನೆಲ್ಲ ಮೊದಲಿಂದ ಯೋಚನೆ ಮಾಡ್ತಾ ಕೂತಿದೀನಿ. ಯಾವತ್ತು ಎಲ್ಲಿಗೆ ಹೋದ್ರು, ಯಾವತ್ತು ತಡವಾಗಿ ಬಂದ್ರು."

ಫೋಟೋದಲ್ಲಿ ಸದಾನಂದಯ್ಯನವರು ಎಂದಿನಂತೆ ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು ಗಂಭೀರವಾಗಿ ಕೂತಿದ್ದರು. ಆ ಮನುಷ್ಯ ರಸ್ತೆಯಲ್ಲಿ ಹೆಂಗಸರು ಎದುರಾದರೆ ಚರಂಡಿ ದಾಟಿ ಆಚೆ ಬದಿಗೆ ಹೋಗುತ್ತಿದ್ದವರು. ನನ್ನ ಸಂಕೋಚಕ್ಕೆ ಸತ್ತವರ ಮಾನವನ್ನೂ ಬದುಕಿರುವವರ ನಿದ್ದೆಯನ್ನೂ ತೆತ್ತದ್ದಾಯಿತು. "ಹೂವು ತನ್ನಿ" ಎಂದೆ. "ತಂದು ಹಾಕಿ. ಆ ಸೀಸೆಗಳನ್ನು ಹೂತದ್ದು ನಾನು. ನಿಮ್ಮ ಯಜಮಾನರಿಗೆ ಶರಬತ್ತಿನ ವಿಷಯವೇ ಗೊತ್ತಿರ್ಲಿಲ್ಲ." ಚೂಡಮ್ಮ ಬೈದರು. ಎಪ್ಪತ್ತು ವರ್ಷದ ಹೆಂಗಸಿಗೆ ಅಷ್ಟೊಂದು ಬೈಗುಳ ಗೊತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. ಬೈದು ಮುಗಿಸಿ, ಕಣ್ಣೊರೆಸಿಕೊಂಡು, "ಹೋಗು, ಅವಳಿಗೆ ಹೇಳು. ನಾನು ಹೇಳಲ್ಲ, ನೀನೇ ಹೇಳಬೇಕು" ಎಂದು ಹೂವು ಕೀಳಲು ಹೋದರು.

ಅಕ್ಕ ಕೆರೆ ದಂಡೆಯಲ್ಲಿದ್ದಳು. ಬಿಸಿಲು ಇನ್ನೂ ಇತ್ತು. ಕೊನೆಯ ಎಂಟು ಸೀಸೆ ತೆಗೆದು ಸಾಲಾಗಿ ಇಟ್ಟುಕೊಂಡು ಸೆರಗಿನಿಂದ ಒಂದೊಂದನ್ನೇ ಒರೆಸುತ್ತಿದ್ದಳು. ನಾನು ಅವಳ ಎದುರು ಮಣ್ಣಿನ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ ಹೇಳಿದೆ. ಯಾರೂ ಕೊಳ್ಳಲಿಲ್ಲ ಎಂದೆ. ಊರೆಲ್ಲ ಕುಡಿದಿತ್ತು ಅನ್ನುವುದು ನಾನು ಕಟ್ಟಿದ್ದು ಎಂದೆ. ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ನಾನು ಅಳುತ್ತಿದ್ದೆ, ಅವಳು ಅಳುತ್ತಿರಲಿಲ್ಲ. ಬೈಯುತ್ತಾಳೆ, ಹೊಡೆಯುತ್ತಾಳೆ, ಇನ್ನು ನಿನ್ನ ಮುಖ ನೋಡುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಒಂದೊಂದಕ್ಕೂ ಏನು ಉತ್ತರ ಕೊಡಬೇಕೆಂದು ಮೂವತ್ತೆಂಟು ವರ್ಷ ಮನಸ್ಸಿನಲ್ಲೇ ತಯಾರಿ ಮಾಡಿದ್ದೆ.

"ಒಂದೇ ಅಂಗಡಿಗೆ ಹೋದ್ಯಾ?" ಎಂದು ಕೇಳಿದಳು.

"ಒಂದೇ."

"ಉಗ್ರಪ್ಪ ಕುಡಿದು ನೋಡಿದ್ನಾ?"

"ನೋಡಿದ."

"ಏನಂದ?"

"ಬಿಡಕ್ಕಾ, ಈಗ್ಯಾಕೆ ಅದು."

"ಏನಂದ ಹೇಳೋ."

"ಸಿಹಿ ಜಾಸ್ತಿಯಾಯ್ತು ಅಂದ."

"ಆಮೇಲೆ?"

"ಅಷ್ಟೇ."

"ಅಷ್ಟೇನಾ?" ಅವಳ ಕೈ ನಿಂತಿತು. ಸೀಸೆಯನ್ನು ಕೆಳಗಿಟ್ಟು ನನ್ನ ಮುಖವನ್ನು ಸರಿಯಾಗಿ ನೋಡಿದಳು. ಸಾವಿರಾರು ಮಕ್ಕಳ ತಪ್ಪು ಲೆಕ್ಕ ತಿದ್ದಿದ ಆ ಕಣ್ಣು ತುಂಬಿಬಂತು.

"ಸಕ್ಕರೆ ಕಮ್ಮಿ ಮಾಡ್ತಿದ್ದೆನಲ್ಲೋ" ಎಂದಳು. "ಮನೆಗೆ ಬಂದು ಒಂದು ಮಾತು ಹೇಳಿದ್ರೆ, ಮಾರನೇ ದಿನವೇ ಸಕ್ಕರೆ ಕಮ್ಮಿ ಮಾಡ್ತಿದ್ದೆ."

ಉತ್ತರ ತಯಾರಿ ಮಾಡಿದ ಅಷ್ಟು ವರ್ಷದಲ್ಲಿ ಒಂದು ಸಲವೂ ನನಗೆ ಆ ಉಪಾಯ ಹೊಳೆದಿರಲಿಲ್ಲ.